ಅಮಲಿನ ಅಂಗಡಿಗೆ ಅಪ್ಪಣೆ ಕೊಡತಕ್ಕವರು ಯಾರು?

ತುಮಕೂರು ರಸ್ತೆಯಲ್ಲಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿಬರುವ ನಮ್ಮ ವಾಚಕರಿಗೆ ಗೊರಗುಂಟೆಪಾಳ್ಯದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಹೊರವರ್ತುಲ ರಸ್ತೆ ಬಂದು ಹೆದ್ದಾರಿಯನ್ನು ಕೂಡುವ ಜಾಗ ಅದು. ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಯಶವಂತಪುರದ ಮಾರುಕಟ್ಟೆ, ತಲೆಯ ಮೇಲೆ ಮೇಲ್ಸೇತುವೆ, 2014ರಿಂದ ಮೆಟ್ರೋ ನಿಲ್ದಾಣ. ಪಾಳಿ ಬಿಟ್ಟ ಹೊತ್ತಿನಲ್ಲಿ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಲೇತ್ ಯಂತ್ರದ ಹುಡುಗರು, ಮೂಟೆ ಹೊರುವ ಹಮಾಲರು, ಊರಿಗೆ ಹೊರಟ ಗಂಟುಮೂಟೆಯವರು ಎಲ್ಲರೂ ಇಲ್ಲಿಯೇ ಸೇರುತ್ತಾರೆ. ಇವರನ್ನು ನಂಬಿ ಕಡಲೆಕಾಯಿ ಗಾಡಿ, ಬೀಡಾ ಅಂಗಡಿ, ಚಹದ ಕ್ಯಾಂಟೀನು ನಡೆಯುತ್ತವೆ. ಇವರ ಕಿಸೆಯನ್ನು ನಂಬಿ ಬಾರುಗಳೂ ನಡೆಯುತ್ತವೆ.

ಇಂಥ ಬೀದಿಯಲ್ಲಿ ಅಮಲಿನ ಅಂಗಡಿ ಇರಬೇಕೇ, ಇದ್ದರೆ ಎಷ್ಟಿರಬೇಕು, ಯಾರು ನಡೆಸಬೇಕು ಎಂಬ ಪ್ರಶ್ನೆಯನ್ನು ಆ ಬೀದಿಯ ಜನರನ್ನು ಯಾರಾದರೂ ಕೇಳಿದ್ದುಂಟೇ? ಇಲ್ಲ. ಹೆಂಡದ ವಿಷಯದಲ್ಲಿ ಕೇಳಲಿಲ್ಲ. ನಾಳೆ ಭಂಗಿ ಸೊಪ್ಪಿನ ವ್ಯಾಪಾರ ಲೈಸೆನ್ಸಿನ ಹಲಗೆ ಹಾಕಿಕೊಂಡು ಬಂದರೆ ಆಗಲೂ ಕೇಳುವುದಿಲ್ಲ. ಆದ್ದರಿಂದ ಆ ದಿನ ಬರುವ ಮೊದಲೇ ಈ ಮಾತನ್ನು ಎತ್ತುವುದು ಅವಶ್ಯಕವಾಗಿದೆ.

ಭಂಗಿಯ ವ್ಯಾಪಾರವೇ, ಅದೂ ನಮ್ಮಲ್ಲಿಯೇ, ಎಂದು ಕೆಲವರು ಹುಬ್ಬೇರಿಸಬಹುದು. ಹುಬ್ಬೇರಿಸುವಂಥದ್ದೇನೂ ಇಲ್ಲ. ಉತ್ತರ ಪ್ರದೇಶ, ಮಧ್ಯ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಸನ್ನದು ಪಡೆದ ಭಂಗಿಯ ಅಂಗಡಿಗಳು ಇಂದಿಗೂ ಹಾಡುಹಗಲಿನಲ್ಲಿ ನಡೆಯುತ್ತಿವೆ. ಉತ್ತರಾಖಂಡ 2018ರಲ್ಲಿ ಅಮಲು ಕಡಮೆಯಿರುವ ತಳಿಯನ್ನು ನಾರಿಗಾಗಿ ಬೆಳೆಯಲು ಲೈಸೆನ್ಸು ಕೊಡತೊಡಗಿತು. 2021ರ ನವೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಈ ಗಿಡದ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು ಇವನ್ನು ಆಹಾರವೆಂದು ಒಪ್ಪಿಕೊಂಡಿತು. ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ 2020ರಲ್ಲಿಯೇ ಭಂಗಿಯ ಎಲೆಯಿಂದ ಮಾಡಿದ ಆಯುರ್ವೇದ ಔಷಧಿಗಳಿಗೆಂದು ಒಂದು ಚಿಕಿತ್ಸಾಲಯ ಬಾಗಿಲು ತೆರೆಯಿತು. ವೈದ್ಯರ ಗ್ರಂಥಗಳಲ್ಲಿ ಇದಕ್ಕೆ ವಿಜಯಾ ಎಂಬ ಹೆಸರಿದೆ. ವಿಜಯೆ ಬೆಂಗಳೂರಿನೊಳಕ್ಕೆ ಪ್ರವೇಶ ಮಾಡಿ ಆಗಿದೆ. ಆಕೆ ಬಂದಿರುವುದು ಹಣವಂತರ ಬಡಾವಣೆಯ ಬಾಗಿಲಿನಿಂದ ಎಂಬುದನ್ನು ಮಾತ್ರ ಗಮನಿಸತಕ್ಕದ್ದು.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳೋಣ. ಏಕೆಂದರೆ ಪೊಲೀಸರೂ ವ್ಯಾಪಾರಿಗಳೂ ಇದರಲ್ಲಿ ಗೊಂದಲಕ್ಕೆ ಬಿದ್ದಿದ್ದಾರೆ. ಒಂದೇ ಗಿಡಕ್ಕೆ ಕಾನೂನಿನಲ್ಲಿ ಹಲವು ಮುಖಗಳಿವೆ. ಗಿಡದ ಹೂವು, ಕಾಯಿ ಬಿಟ್ಟ ತುದಿ ಗಾಂಜಾ. ಅದರ ಅಂಟು ಚರಸ್. ಇವೆರಡೂ 1985ರ ಮಾದಕ ವಸ್ತು ಕಾಯ್ದೆ, ಎಂದರೆ ಎನ್‌ಡಿಪಿಎಸ್ ಕಾಯ್ದೆಯ ಹಿಡಿತಕ್ಕೆ ಬರುತ್ತವೆ. ತುದಿಯ ಜತೆ ಕೂಡಿಲ್ಲದ ಬರಿಯ ಎಲೆ ಮತ್ತು ಬೀಜ ಆ ಕಾಯ್ದೆಯ ಗಾಂಜಾ ಎಂಬ ವ್ಯಾಖ್ಯೆಯಿಂದ ಹೊರಗಿವೆ. ಆ ಎಲೆಯೇ ಭಂಗಿ. ಹಾಗೆಂದು ಭಂಗಿಯನ್ನು ಯಾರು ಬೇಕಾದರೂ ಮಾರಬಹುದೆಂದು ಅರ್ಥವಲ್ಲ. ಅದು ರಾಜ್ಯದ 1965ರ ಅಬಕಾರಿ ಕಾಯ್ದೆಯ ಹತೋಟಿಗೆ ಸೇರಿದ್ದು. ಭಂಗಿ ಮಾರುವ ಅಪ್ಪಣೆ ಕೊಡುವುದೂ ಬಿಡುವುದೂ ದೆಹಲಿಯ ಕೈಯಲ್ಲಿಲ್ಲ, ನಮ್ಮ ವಿಧಾನಸೌಧದ ಕೈಯಲ್ಲಿಯೇ ಇದೆ ಎಂದಾಯಿತು.

2022ರ ಬೇಸಗೆಯ ಕೊನೆಯಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಹೊರರಾಜ್ಯದಿಂದ ಬಂದ ಒಬ್ಬನನ್ನು 29 ಕಿಲೋ ಭಂಗಿ ಮತ್ತು 400 ಗ್ರಾಂ ಗಾಂಜಾದೊಡನೆ ಹಿಡಿದರು. ಮಾದಕ ವಸ್ತು ಕಾಯ್ದೆಯ ಮೇಲೆ ಮೊಕದ್ದಮೆ ಹೂಡಿದರು. ಆತ ಎರಡು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದ ಮೇಲೆ ರಾಜ್ಯದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಆಗಸ್ಟಿನಲ್ಲಿ ಜಾಮೀನು ಕೊಟ್ಟರು. ಭಂಗಿಯು ಚರಸ್ಸಿನಿಂದಲೋ ಗಾಂಜಾದಿಂದಲೋ ಮಾಡಿದ್ದೆಂದು ತೋರಿಸುವ ವೈಜ್ಞಾನಿಕ ಆಧಾರ ಮುಂದಿಲ್ಲ, ಉತ್ತರ ಭಾರತದಲ್ಲಿ ಅದನ್ನು ಲಸ್ಸಿ ಅಂಗಡಿಗಳಲ್ಲಿ ಮಾರುತ್ತಾರೆ ಎಂದು ನ್ಯಾಯಾಲಯ ಎತ್ತಿ ಹೇಳಿತು. ಉಳಿದ ಗಾಂಜಾ ಕಾಯ್ದೆಯ ಪ್ರಕಾರ ಅಲ್ಪ ಪ್ರಮಾಣದ್ದಾಗಿತ್ತು.

ಈ ಮೊಕದ್ದಮೆಯಿಂದ ಕಲಿಯತಕ್ಕ ಪಾಠವೇನು? ಒಂದೇ ನಗರದಲ್ಲಿ ಆ ಎಲೆ ಕೋರಮಂಗಲದಲ್ಲಿ ಔಷಧಿಯ ಸೀಸೆಯೊಳಗೆ ಕೂತು ಬಿಲ್ಲಿನ ಸಮೇತ ಮಾರಾಟವಾಗುತ್ತದೆ. ಬೇಗೂರಿನಲ್ಲಿ ಚೀಲದೊಳಗೆ ಸಿಕ್ಕಿದರೆ ಮನುಷ್ಯ ಸೆರೆಮನೆಗೆ ಹೋಗುತ್ತಾನೆ. ಕಾಗದವಿದ್ದವನು ಉದ್ಯಮಿ, ಕಾಗದವಿಲ್ಲದವನು ಅಪರಾಧಿ. ಸರಿ, ಹಾಗೆಯೇ ಇರಲಿ. ಆದರೆ ಆ ಕಾಗದವನ್ನು ಬರೆದು ಮೊಹರು ಹಾಕುವ ಕೈ ಯಾರದು ಎಂದು ಕೇಳುವ ಹಕ್ಕು ನಮಗೆ ಬೇಡವೇ?

ಈ ಪ್ರಶ್ನೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ, 1893ರಲ್ಲಿ, ಈ ಗಿಡದ ಅಮಲನ್ನು ನಿಷೇಧಿಸಬೇಕೇ ಎಂದು ವಿಚಾರಿಸಲು ಸರ್ಕಾರ ಒಂದು ಆಯೋಗವನ್ನು ನೇಮಿಸಿತು. ಅದು 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ವರದಿ ಕೊಟ್ಟಿತು. ಮಿತವಾಗಿ ಸೇವಿಸುವವರಿಗೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು; ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ, ಲೈಸೆನ್ಸಿನ ಮೂಲಕ ಬೆಳೆಯಿಸಿ, ಅಂಗಡಿಗಳ ಸಂಖ್ಯೆಯನ್ನು ಹತೋಟಿಯಲ್ಲಿಡಿ ಎಂದು ಅದರ ಸಾರಾಂಶ. ಆ ಸಲಹೆಯ ಹಿಂದೆ ಪ್ರಜೆಗಳ ಹಿತಚಿಂತನೆ ಎಷ್ಟಿತ್ತೋ, ಬೊಕ್ಕಸದ ಚಿಂತೆ ಎಷ್ಟಿತ್ತೋ, ವಾಚಕರೇ ಊಹಿಸಬಹುದು. ಸ್ವಾತಂತ್ರ್ಯ ಬಂದ ಮೇಲೆಯೂ 1985ರವರೆಗೆ ಹಲವು ರಾಜ್ಯಗಳಲ್ಲಿ ಗಾಂಜಾ ಸನ್ನದಿನ ಅಂಗಡಿಯಲ್ಲಿಯೇ ಸಿಗುತ್ತಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ್ದರ ಫಲವಾಗಿ ಕೊನೆಗೆ ಕಾಯ್ದೆ ಬಂತು, ಅಂಗಡಿ ಮುಚ್ಚಿತು. ಅಂಗಡಿ ಮುಚ್ಚಿದರೂ ಸೇದುವವರು ಇಲ್ಲವಾಗಲಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಸೇದುವ ಭಕ್ತರು ಇಂದಿಗೂ ಇದ್ದಾರೆ. ಕಾರ್ಖಾನೆಯ ಬೀದಿಗಳಲ್ಲಿ ಅದನ್ನು ಪೊಟ್ಟಣ ಕಟ್ಟಿ ಕದ್ದು ಮಾರುವವರೂ ಇದ್ದಾರೆ.

ಕದ್ದು ಮಾರುವ ವ್ಯಾಪಾರದಲ್ಲಿ ಸಿಕ್ಕಿಬೀಳುವವನು ಯಾರು? ಕಾಯ್ದೆಯ ಪ್ರಕಾರ ಒಂದು ಕಿಲೋವರೆಗಿನ ಗಾಂಜಾ ಅಲ್ಪ ಪ್ರಮಾಣ. ಅದಕ್ಕೆ ಒಂದು ವರುಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. 20 ಕಿಲೋಗೆ ಮೇಲ್ಪಟ್ಟರೆ ಹತ್ತರಿಂದ ಇಪ್ಪತ್ತು ವರುಷ. ಬರಿದೆ ಸೇವನೆಗೂ ಆರು ತಿಂಗಳವರೆಗೆ ಸೆರೆ ಉಂಟು. ಹತ್ತು ಸಾವಿರ ದಂಡ ಕಟ್ಟಬಲ್ಲವನು ವಕೀಲನನ್ನು ಕರೆದುಕೊಂಡು ಬಂದು ಸಂಜೆಗೆ ಮನೆ ಸೇರುತ್ತಾನೆ. ಕಟ್ಟಲಾರದ ಪಾಳಿಯ ಹುಡುಗ ಕೆಲಸವನ್ನೂ ಕಳೆದುಕೊಳ್ಳುತ್ತಾನೆ, ಬಾಡಿಗೆಯ ಕೋಣೆಯನ್ನೂ ಕಳೆದುಕೊಳ್ಳುತ್ತಾನೆ. ನಿಷೇಧ ಎಂಬ ಜರಡಿಯಲ್ಲಿ ದಪ್ಪ ಕಾಳು ಮೇಲೆಯೇ ಉಳಿಯುತ್ತದೆ. ಕೆಳಕ್ಕೆ ಉದುರುವುದು ನುಚ್ಚು.

ಹಾಗಾದರೆ ಲೈಸೆನ್ಸು ಕೊಟ್ಟು ತೆರೆದುಬಿಡೋಣ ಎನ್ನುವವರಿಗೆ ನಮ್ಮ ಉತ್ತರವೇನು? ಲೈಸೆನ್ಸು ಎಂಬುದನ್ನು ನಾವು ಹೆಂಡದಂಗಡಿಯಲ್ಲಿ ಕಂಡಿದ್ದೇವೆ. ಅದರ ಕಥೆಯನ್ನು ಸ್ವಲ್ಪ ಬಿಚ್ಚಿ ನೋಡೋಣ.

ನಮ್ಮ ರಾಜ್ಯದಲ್ಲಿ ಚಿಲ್ಲರೆ ಮದ್ಯದಂಗಡಿಗೆ ಸಿಎಲ್-2, ಬಾರಿಗೆ ಸಿಎಲ್-9 ಎಂಬ ಸನ್ನದುಗಳಿವೆ. 1992ರಿಂದ ಈ ಎರಡು ಬಗೆಯ ಹೊಸ ಸನ್ನದುಗಳನ್ನು ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಕುಡಿತ ಕಡಮೆಯಾಗಲೆಂದು ಹೀಗೆ ಮಾಡಿದರೆಂದು ಭಾವಿಸೋಣ. ಆದದ್ದೇನು? ನಗರ ಹತ್ತು ಕಡೆ ಬೆಳೆಯಿತು, ಸನ್ನದು ಅಷ್ಟೇ ಉಳಿಯಿತು. ಹಳೆಯ ಸನ್ನದೇ ಆಸ್ತಿಯಾಯಿತು. ಅದು ಕೈಯಿಂದ ಕೈಗೆ, ತಾಲ್ಲೂಕಿನಿಂದ ನಗರಕ್ಕೆ ಕೋಟಿಗಟ್ಟಲೆ ಬೆಲೆಗೆ ಹೋಗತೊಡಗಿತು. ಜನರ ಹಿತಕ್ಕೆಂದು ಹಾಕಿದ ಮಿತಿ ಸನ್ನದುದಾರನಿಗೆ ಜಹಗೀರಾಗಿ ಪರಿಣಮಿಸಿತು. 2025ರ ಬಜೆಟ್ಟಿನಲ್ಲಿ ಸರ್ಕಾರ ಸನ್ನದುಗಳನ್ನು ವಿದ್ಯುನ್ಮಾನ ಹರಾಜಿನ ಮೂಲಕ ಹಂಚುವುದಾಗಿ ಹೇಳಿತು. ಗುಟ್ಟಾಗಿ ಕೊಡುವುದಕ್ಕಿಂತ ಹರಾಜು ಮೇಲು, ಒಪ್ಪೋಣ. ಆದರೆ ಹರಾಜಿನಲ್ಲಿ ಕೂಗುವವನು ಯಾರು? ಗೊರಗುಂಟೆಪಾಳ್ಯದ ಬೀಡಾ ಅಂಗಡಿಯವನೇ? ಕಡಲೆಕಾಯಿ ಗಾಡಿಯ ಹೆಂಗಸೇ? ಕೋಟಿ ಇದ್ದವನು ಕೂಗುತ್ತಾನೆ. ಹಾಕಿದ ಕೋಟಿಯನ್ನು ಆತ ಬಡ್ಡಿ ಸಮೇತ ವಸೂಲು ಮಾಡಿಕೊಳ್ಳುವುದು ನಮ್ಮ ಸಂಬಳದ ದಿನದಲ್ಲಿ.

ಸರ್ಕಾರಕ್ಕೂ ಇದರಲ್ಲಿ ಪಾಲುಂಟು. 2025-26ನೆಯ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿಯನ್ನು ರಾಜ್ಯ ಇಟ್ಟುಕೊಂಡಿತು. ಇಷ್ಟು ಹಣಕ್ಕೆ ಲೆಕ್ಕ ಒಪ್ಪಿಸಬೇಕಾದ ಇಲಾಖೆ ಅಂಗಡಿಗಳನ್ನು ಕಡಮೆ ಮಾಡುತ್ತದೆಂದು ನಂಬುವುದು ಬೆಕ್ಕಿಗೆ ಹಾಲಿನ ಕಾವಲು ಒಪ್ಪಿಸಿದ ಹಾಗೆ. ಸಂವಿಧಾನದ 47ನೆಯ ವಿಧಿಯಲ್ಲಿ ಅಮಲಿನ ಪಾನೀಯ, ಅಮಲಿನ ವಸ್ತುಗಳನ್ನು ಔಷಧಿಯ ಉಪಯೋಗಕ್ಕೆ ಹೊರತು ನಿಷೇಧಿಸಲು ರಾಜ್ಯ ಯತ್ನಿಸತಕ್ಕದ್ದು ಎಂದಿದೆ. ಬಲಗೈಯಲ್ಲಿ ಸಂವಿಧಾನ, ಎಡಗೈಯಲ್ಲಿ ಗುರಿಯ ಪಟ್ಟಿ. ಈ ಎರಡು ಕೈಗಳ ನಡುವೆ ಬೀದಿಯ ಜನರು ಸಿಕ್ಕಿದ್ದಾರೆ.

ನಿಯಮಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. 1967ರ ಅಬಕಾರಿ ನಿಯಮಗಳಲ್ಲಿ ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ದೂರ ಎಂದಿದೆ. ಪರಿಶಿಷ್ಟರು ಹೆಚ್ಚಾಗಿ ವಾಸಿಸುವ ಕೇರಿಗಳಲ್ಲಿ ಬೇಡ ಎಂದಿದೆ. ಹೆದ್ದಾರಿಯ ವಿಷಯ ಇನ್ನೂ ಸ್ವಾರಸ್ಯ. ಕುಡಿದು ಗಾಡಿ ಓಡಿಸಿ ಜನ ಸಾಯುತ್ತಿದ್ದಾರೆಂದು ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು ಆಜ್ಞೆ ಮಾಡಿತು. 2017ರಲ್ಲಿ ಬೆಂಗಳೂರಿನ ನಡುಬೀದಿಯ ಬಾರುಗಳೂ ಬಾಗಿಲು ಹಾಕಿದವು. ಆಮೇಲೆ ಅದೇ ವರುಷದ ಜುಲೈಯಲ್ಲಿ ನಗರಸಭೆಯ ಎಲ್ಲೆಯೊಳಗಿನ ಅಂಗಡಿಗಳಿಗೆ ಆ ಆಜ್ಞೆ ತಟ್ಟುವುದಿಲ್ಲವೆಂದು ನ್ಯಾಯಾಲಯವೇ ವಿವರಿಸಿತು. ಹಳ್ಳಿಯ ಹೆದ್ದಾರಿಯಲ್ಲಿ ಕುಡಿದು ಓಡಿಸಿದರೆ ಅಪಾಯ, ನಗರದ ಹೆದ್ದಾರಿಯಲ್ಲಿ ಓಡಿಸಿದರೆ ಕ್ಷೇಮ ಎಂದು ಲಾರಿಗಳಿಗೆ ಯಾರು ಹೇಳುತ್ತಾರೋ! ಹೆದ್ದಾರಿಯ ಮೇಲೆಯೇ ಕುಳಿತ ಗೊರಗುಂಟೆಪಾಳ್ಯದಂಥ ಊರುಗಳಿಗೆ ಇದರಿಂದಾದ ಲಾಭ ನಷ್ಟವನ್ನು ಯಾರೂ ತೂಗಲಿಲ್ಲ. ಮೀಟರು ಅಳೆಯುವ ಪಟ್ಟಿ ದೆಹಲಿಯಲ್ಲಿತ್ತು, ವಾದಿಸಿದ ವಕೀಲರು ದೆಹಲಿಯಲ್ಲಿದ್ದರು, ಅಂಗಡಿಯ ಎದುರು ಮನೆಯಿದ್ದವರು ಮಾತ್ರ ಇಲ್ಲಿದ್ದರು.

ಈಗ ಇದನ್ನು ಇನ್ನೊಂದು ಲೈಸೆನ್ಸಿನೊಡನೆ ಹೋಲಿಸಿ ನೋಡಿ. ಸಣ್ಣ ವ್ಯಾಪಾರಿ ಅಂಗಡಿ ಇಡಬೇಕಾದರೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಕರಾರುಪತ್ರ ತೋರಿಸಬೇಕು, ಶುಲ್ಕ ಕಟ್ಟಬೇಕು, ವರುಷ ವರುಷ ನವೀಕರಿಸಬೇಕು. ತಳ್ಳುಗಾಡಿಯವನಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಆ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವುಂಟು. ಎಲ್ಲಿ ಗಾಡಿ ನಿಲ್ಲಬೇಕು, ಎಲ್ಲಿ ಬೇಡ ಎಂಬುದಕ್ಕೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಚುನಾಯಿತರಾಗಿ ಕೂರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಜಾರಿ ಹೇಗಿದೆ ಎಂಬುದು ಬೇರೆ ಮಾತು. ತತ್ತ್ವವನ್ನು ಮಾತ್ರ ನೋಡಿ. ಕೊತ್ತಂಬರಿ ಸೊಪ್ಪಿನ ಗಾಡಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಲು ಸಮಿತಿ ಬೇಕು, ಚುನಾವಣೆ ಬೇಕು, ಸಮೀಕ್ಷೆ ಬೇಕು. ಬ್ರಾಂದಿ ಅಂಗಡಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಲು ಅಬಕಾರಿ ಇಲಾಖೆಯ ಒಂದು ರುಜು ಸಾಕು! ಬಾರಿನವನೂ ಪಾಲಿಕೆಯಿಂದ ಕಾಗದ ಪಡೆಯುತ್ತಾನೆ ನಿಜ. ಆದರೆ ಅಮಲು ಮಾರುವ ಮೂಲ ಅಪ್ಪಣೆ ಬರುವುದು ಮೇಲಿನಿಂದ. ಬೀದಿಯವರಿಗೆ ಆ ಕಡತ ಕಣ್ಣಿಗೂ ಬೀಳುವುದಿಲ್ಲ.

ಪಾಲಿಕೆಯಾದರೂ ಜನರ ಪಾಲಿಗೆ ಇತ್ತೇ? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯನ್ನೇ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳನ್ನು ಮಾಡಿದರು. ಈ ಐದು ವರುಷಗಳ ಉದ್ದಕ್ಕೂ ಒಂದೇ ಒಂದು ಚುನಾವಣೆ ನಡೆಯಲಿಲ್ಲ. ಅಂಗಡಿಯ ವಿಷಯ ದೂರು ಹೇಳಲು ಹೋದವನಿಗೆ ಕಾರ್ಪೊರೇಟರನೇ ಇರಲಿಲ್ಲ. ನಗರ ಎಂದರೆ ಅಧಿಕಾರಿಗಳ ಕಚೇರಿ ಎಂದಾದಾಗ ಲೈಸೆನ್ಸು ಎಂದರೆ ಕಚೇರಿಯ ಕೃಪೆ ಎಂದಾಗುವುದು ಸಹಜ.

ಹೊರದೇಶಗಳಲ್ಲಿ ನಗರಗಳು ಏನು ಮಾಡಿವೆ? ಇದನ್ನು ನೋಡುವುದು ಲಾಭಕರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2016ರ ನವೆಂಬರಿನಲ್ಲಿ ಜನಮತದಿಂದಲೇ ಗಾಂಜಾ ಮಾರಾಟಕ್ಕೆ ಸಮ್ಮತಿ ಸಿಕ್ಕಿತು. 2018ರ ಜನವರಿಯಿಂದ ಅಂಗಡಿ ತೆರೆದವು. ಆದರೆ ರಾಜ್ಯದ ಲೈಸೆನ್ಸು ಒಂದೇ ಸಾಲದು, ಊರಿನ ಒಪ್ಪಿಗೆಯೂ ಬೇಕು. ಅಲ್ಲಿನ ನಗರ ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಚಿಲ್ಲರೆ ಅಂಗಡಿ ನಮಗೆ ಬೇಡವೆಂದವು. ಕೆಲವು ಬೇಕೆಂದು ಎಷ್ಟು ಅಂಗಡಿ, ಎಲ್ಲೆಲ್ಲಿ ಎಂದು ತಾವೇ ಬರೆದವು. ಓಕ್ಲೆಂಡ್ ಎಂಬ ಬಂದರು ನಗರ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಿಂದೆ ಗಾಂಜಾದ ಹೆಸರಿನಲ್ಲಿ ಜೈಲಿಗೆ ಹೋದವರಿಗೂ, ಪೊಲೀಸರ ಕಾಟ ಹೆಚ್ಚಾಗಿದ್ದ ಕೇರಿಗಳಲ್ಲಿ ಬಹುಕಾಲ ಬಾಳಿದ ಬಡವರಿಗೂ ಮೊದಲ ಸುತ್ತಿನ ಅರ್ಧದಷ್ಟು ಲೈಸೆನ್ಸು ಮೀಸಲೆಂದಿತು. ದಂಡ ತೆತ್ತವನೇ ಲಾಭದ ಪಾಲು ಪಡೆಯಲಿ ಎಂಬ ಆಲೋಚನೆ ನ್ಯಾಯವಾದದ್ದು. ಆದರೆ ಅಲ್ಲಿಯೂ ಬಂಡವಾಳ ತನ್ನ ಬುದ್ಧಿ ಬಿಡಲಿಲ್ಲ. ಅಂಗಡಿ ಹಾಕಲು ಬಡವನ ಹತ್ತಿರ ಹಣವಿಲ್ಲ. ಹಣ ಕೊಡುವವನು ಬಡವನ ಹೆಸರನ್ನು ಹಲಗೆಗೆ ಹಾಕಿ ಗಲ್ಲಾಪೆಟ್ಟಿಗೆಯನ್ನು ತಾನು ಇಟ್ಟುಕೊಳ್ಳುತ್ತಾನೆ ಎಂಬ ದೂರು ಎದ್ದಿತು. ಬೇನಾಮಿ ಎಂಬುದು ನಮ್ಮ ದೇಶದ ಸ್ವತ್ತೇನೂ ಅಲ್ಲ.

ಹಾಲೆಂಡಿನಲ್ಲಿ ಬೇರೊಂದು ಕ್ರಮ. ಅಲ್ಲಿನ ಕಾಫಿ ಅಂಗಡಿಗಳಲ್ಲಿ ಒಬ್ಬನಿಗೆ ದಿನಕ್ಕೆ 5 ಗ್ರಾಂ, ಅಂಗಡಿಯಲ್ಲಿ ದಾಸ್ತಾನು 500 ಗ್ರಾಂ, ಹದಿನೆಂಟು ತುಂಬದವನಿಗೆ ಪ್ರವೇಶವಿಲ್ಲ, ಜಾಹೀರಾತಿಲ್ಲ, ನೆರೆಯವರಿಗೆ ಉಪದ್ರವವಾದರೆ ನಗರಾಧ್ಯಕ್ಷ ಬೀಗ ಹಾಕಿಸಬಹುದು. ನೆರೆಯವರ ನೆಮ್ಮದಿಯೂ ಲೈಸೆನ್ಸಿನ ಒಂದು ಷರತ್ತೇ ಎಂಬುದನ್ನು ಗಮನಿಸಿ. ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಥಾಯ್ಲೆಂಡಿನದು. 2022ರ ಜೂನಿನಲ್ಲಿ ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆದರು, ತಕ್ಕ ನಿಯಮಗಳನ್ನು ಮಾಡಿರಲಿಲ್ಲ. ಸಾವಿರಾರು ಅಂಗಡಿಗಳು ಅಣಬೆಯಂತೆ ಎದ್ದವು. 2025ರ ಜೂನಿನಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದರು. ಸಾಲ ಮಾಡಿ ಅಂಗಡಿ ಹಾಕಿದ ಸಣ್ಣವನ ಗತಿಯೇನು? ಬಾಗಿಲು ತೆರೆದದ್ದೂ ಮೇಲಿನಿಂದ, ಮುಚ್ಚಿದ್ದೂ ಮೇಲಿನಿಂದ. ಇದು ಸಣ್ಣ ವ್ಯಾಪಾರಿಗಳು ನೆನಪಿನಲ್ಲಿಡತಕ್ಕ ಮಾತು.

ಇಷ್ಟೆಲ್ಲ ತೊಡಕು ಏಕೆ, ಎಲ್ಲವನ್ನೂ ಕಟ್ಟುನಿಟ್ಟಾಗಿ ನಿಷೇಧಿಸಿಬಿಡಿ ಎನ್ನುವ ಸಜ್ಜನರು ನಮ್ಮಲ್ಲಿದ್ದಾರೆ. ಅವರ ಮನಸ್ಸು ಒಳ್ಳೆಯದು. ಗಂಡನ ಕುಡಿತದಿಂದ ಮನೆ ಹಾಳಾದ ತಾಯಂದಿರು ಈ ಮಾತನ್ನು ಹೇಳಿದಾಗ ಎದುರು ಮಾತಾಡಲು ನಮಗೆ ನಾಲಗೆ ಬಾರದು. ಆದರೂ ನಡೆದದ್ದನ್ನು ಹೇಳಲೇಬೇಕು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಗುತ್ತಿಗೆದಾರರ ದರ್ಬಾರು ಮುಗಿಯಿತೆಂದು ಎಲ್ಲರೂ ಸಂತೋಷಪಟ್ಟೆವು. ಆದರೆ ಬಡವನ ಅಗ್ಗದ ಸಾರಾಯಿ ನಿಂತಿತೇ ಹೊರತು ಬಾಟಲಿಯ ವಿಸ್ಕಿ ಬ್ರಾಂದಿ ನಿಲ್ಲಲಿಲ್ಲ. ವರುಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಲೂ ಕೋಲಾರದ ಕಡೆಯೂ ನೆರೆಯ ತಮಿಳುನಾಡಿನಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಕೂಲಿಕಾರರು ಸತ್ತರು. ಅಂಗಡಿ ಇದ್ದಾಗ ಸಾಯುತ್ತಿರಲಿಲ್ಲವೇ ಎಂದರೆ, ಸಾಯುತ್ತಿದ್ದರು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯದಿಂದ ಸತ್ತವರು ಮುನ್ನೂರರ ಮೇಲೆ. ಬಾಗಿಲು ತೆರೆದಿದ್ದಾಗಲೂ ಮುಚ್ಚಿದ್ದಾಗಲೂ ಸತ್ತವನು ಒಬ್ಬನೇ. ಆದ್ದರಿಂದ ತೆರೆಯುವುದೋ ಮುಚ್ಚುವುದೋ ಎಂಬುದಷ್ಟೇ ಪ್ರಶ್ನೆಯಾದರೆ ಉತ್ತರ ದೊರೆಯದು. ಕೀಲಿಕೈ ಯಾರ ಸೊಂಟದಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಕೀಲಿಕೈ ಜನರ ಸೊಂಟದಲ್ಲಿರಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ನೆರೆಯ ಮಹಾರಾಷ್ಟ್ರವೇ ಸಾಕ್ಷಿ. ಅಲ್ಲಿ 2008ರ ಒಂದು ಆಜ್ಞೆಯ ಪ್ರಕಾರ, ಹಳ್ಳಿಯಲ್ಲಾಗಲಿ ನಗರದ ವಾರ್ಡಿನಲ್ಲಾಗಲಿ ಮತದಾರರಲ್ಲಿ, ಇಲ್ಲವೇ ಮಹಿಳಾ ಮತದಾರರಲ್ಲಿ, ನೂರಕ್ಕೆ 25 ಮಂದಿ ಮದ್ಯದಂಗಡಿ ಬೇಡವೆಂದು ಬರೆದುಕೊಟ್ಟರೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಓದು ಬಾರದವರೂ ಗುರುತು ಹಾಕಬಹುದು. ಅರ್ಧಕ್ಕಿಂತ ಹೆಚ್ಚು ಮತದಾರರು ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿಗೆ ಬೀಗ. ಮತಗಟ್ಟೆಗೆ ಅಷ್ಟು ಜನರನ್ನು ಕರೆತರುವುದು ಸುಲಭವಲ್ಲ. ಅಂಗಡಿಯವನು ಹಣ ಚೆಲ್ಲುತ್ತಾನೆ, ಹೆದರಿಸುತ್ತಾನೆ. ಆದರೂ ಹೆಂಗಸರು ಸಾಲಾಗಿ ನಿಂತು ಬಾಟಲಿಯನ್ನು ಮಲಗಿಸಿದ ಊರುಗಳು ಅಲ್ಲಿ ಹಲವಾರು ಇವೆ.

ನಮ್ಮ ಹೆಂಗಸರು ಅವರಿಗಿಂತ ಕಡಮೆಯಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಹೊರಟು ಸಾವಿರಾರು ಹೆಂಗಸರು ಸುಮಾರು ಇನ್ನೂರು ಕಿಲೋಮೀಟರು ನಡೆದು ಬೆಂಗಳೂರಿಗೆ ಬಂದರು. ಮದ್ಯ ನಿಲ್ಲಿಸಿ ಎಂಬುದೇ ಅವರ ಬೇಡಿಕೆ. ಚಳಿಯಲ್ಲಿ ರಸ್ತೆಯ ಬದಿಯಲ್ಲಿ ಮಲಗಿ, ಹರಿದ ಚಪ್ಪಲಿಯಲ್ಲಿ ನಡೆದು ಬಂದ ಆ ತಾಯಂದಿರು ರಾಜಧಾನಿಯಿಂದ ಹಿಂತಿರುಗಿದ್ದು ಬರಿಗೈಯಲ್ಲಿ. ತಮ್ಮ ಊರಿನ ಅಂಗಡಿಯ ವಿಷಯ ಮಾತಾಡಲು ಇನ್ನೂರು ಕಿಲೋಮೀಟರು ನಡೆಯಬೇಕಾದ ಪರಿಸ್ಥಿತಿಯೇ ನಮ್ಮ ಲೈಸೆನ್ಸು ಪದ್ಧತಿಯ ಮೇಲಿನ ದೊಡ್ಡ ಆರೋಪಪಟ್ಟಿ.

ಹಾಗಾದರೆ ನಾವು ಕೇಳುವುದೇನು? ಮೊದಲನೆಯದಾಗಿ, ಹೆಂಡವಾಗಲಿ ಭಂಗಿಯಾಗಲಿ, ಅಮಲು ಮಾರುವ ಯಾವ ಅಂಗಡಿಗೂ ಆ ವಾರ್ಡಿನ ಜನರ ಸಭೆಯ ಮುಂದೆ ಅರ್ಜಿ ಬಾರದೆ ಅಪ್ಪಣೆ ಸಿಗಕೂಡದು. ಸಂವಿಧಾನದ 243ಎಸ್ ವಿಧಿ ಮೂರು ಲಕ್ಷ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳು ಇರತಕ್ಕದ್ದೆಂದು ಹೇಳಿದೆ. ಆ ಸಮಿತಿಗಳಿಗೆ ಕಸದ ಲೆಕ್ಕ ನೋಡುವ ಕೆಲಸ ಒಂದೇ ಸಾಲದು. ಸನ್ನದಿನ ಕಡತವೂ ಅವುಗಳ ಮುಂದೆ ಬರಲಿ. ಎರಡನೆಯದಾಗಿ, ಇರುವ ಅಂಗಡಿ ಉಪದ್ರವವಾದರೆ ಮತದಾನದಿಂದ ಅದನ್ನು ಮುಚ್ಚಿಸುವ ಹಕ್ಕು ಮಹಾರಾಷ್ಟ್ರದಂತೆ ನಮ್ಮಲ್ಲಿಯೂ ಬರಲಿ. ಮೂರನೆಯದಾಗಿ, ಸನ್ನದು ಮಾರಾಟದ ವಸ್ತುವಾಗಕೂಡದು. ನಡೆಸುವವನಿಗೆ ಬೇಡವಾದರೆ ಅದು ಊರಿಗೆ ಮರಳಬೇಕು, ಪೇಟೆಗೆ ಹೋಗಕೂಡದು. ನಾಳೆ ಭಂಗಿಯ ಸನ್ನದು ಕೊಡುವ ದಿನ ಬಂದರೆ ಅದು ಹರಾಜಿನಲ್ಲಿ ಕೋಟ್ಯಧೀಶನಿಗೆ ಹೋಗದೆ ಸಣ್ಣ ವ್ಯಾಪಾರಿಗಳ ಸಹಕಾರ ಸಂಘಕ್ಕೋ ಸಾರ್ವಜನಿಕ ಸಂಸ್ಥೆಗೋ ಸಿಗಬೇಕು. ನಾಲ್ಕನೆಯದಾಗಿ, ಚಿಟಿಕೆ ಗಾಂಜಾದೊಡನೆ ಸಿಕ್ಕ ಕೂಲಿಯ ಹುಡುಗನಿಗೆ ಸೆರೆಮನೆಯ ದಾರಿ ತೋರಿಸುವ ಬದಲು ಚಿಕಿತ್ಸೆಯ ದಾರಿ ತೋರಿಸಬೇಕು. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ಬಿಡುಗಡೆ ಎಂಬ ಕಲಮು, 64ಎ, ಎನ್‌ಡಿಪಿಎಸ್ ಕಾಯ್ದೆಯಲ್ಲಿಯೇ ಇದೆ. ಠಾಣೆಯ ಗೋಡೆಯ ಮೇಲೆ ಅದನ್ನು ಕನ್ನಡದಲ್ಲಿ ಬರೆಸಲು ಸರ್ಕಾರಕ್ಕೆ ಎಷ್ಟು ಖರ್ಚಾದೀತು?

ಸಾರ್ವಜನಿಕ ಸಂಸ್ಥೆ ಎಂದಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳು ರಾಜ್ಯದಲ್ಲಿವೆ. ಮುದ್ರಿತ ಬೆಲೆಗೇ ಮಾರುತ್ತವೆಂಬ ಒಂದು ಗುಣ ಅವಕ್ಕುಂಟು. ಆದರೂ ನಮ್ಮೂರಿಗೆ ಬೇಡವೆಂದು ಹೆಂಗಸರು ಅವುಗಳ ಮುಂದೆಯೂ ಧರಣಿ ಕುಳಿತಿದ್ದಾರೆ. ಅಂಗಡಿಯ ಒಡೆಯ ಸರ್ಕಾರವೇ ಆದರೂ ಬೀದಿಯ ಒಪ್ಪಿಗೆ ಬೇಕೇ ಬೇಕು. ಒಡೆತನ ಸಾರ್ವಜನಿಕವಾದ ಮಾತ್ರಕ್ಕೆ ತೀರ್ಮಾನ ಸಾರ್ವಜನಿಕವಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ವಾರ್ಡಿನ ಕೈಗೆ ಅಧಿಕಾರ ಕೊಟ್ಟರೆ ಅಲ್ಲಿನ ಬಲಿಷ್ಠರು ಇವನು ಕುಡಿಯಕೂಡದು, ಅವನು ತಿನ್ನಕೂಡದು ಎಂದು ನೆರೆಯವನ ಮನೆಯೊಳಕ್ಕೂ ಕೈ ಹಾಕುವುದಿಲ್ಲವೇ? ಈ ಭಯ ಸುಳ್ಳಲ್ಲ. ಆದ್ದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯೋಣ. ಜನರ ಮತ ಅಂಗಡಿಯ ಬಾಗಿಲಿನವರೆಗೆ ಮಾತ್ರ. ಯಾರ ಮನೆಯ ಹೊಸ್ತಿಲನ್ನೂ ಅದು ದಾಟಕೂಡದು. ಮತ ಗುಪ್ತವಾಗಿರಬೇಕು, ಹೆಂಗಸರೂ ಬಾಡಿಗೆ ಮನೆಯ ಕಾರ್ಮಿಕರೂ ಅದರಲ್ಲಿ ಸೇರಬೇಕು. ಗೊರಗುಂಟೆಪಾಳ್ಯದಂಥ ಊರಿನಲ್ಲಿ ಮನೆಯ ಒಡೆಯನಷ್ಟೇ ವಾಸಿಯಲ್ಲ. ಬೇರೆ ಜಿಲ್ಲೆಯಿಂದಲೋ ಬೇರೆ ರಾಜ್ಯದಿಂದಲೋ ಬಂದು ಒಂದೇ ಕೋಣೆಯಲ್ಲಿ ನಾಲ್ವರಾಗಿ ಮಲಗುವವನೂ ಆ ಬೀದಿಯ ವಾಸಿಯೇ.

ಗಿರಣಿ ಕಾರ್ಖಾನೆಗಳ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಈ ವಿಷಯದಲ್ಲಿ ಒಂದಾಗಬೇಕಾದ ಕಾರಣ ಇದೇ. ಸಂಬಳದ ದಿನ ಬಾರಿನ ಗಲ್ಲಾಪೆಟ್ಟಿಗೆಗೆ ಬಿದ್ದ ರೂಪಾಯಿ ಕಿರಾಣಿ ಅಂಗಡಿಗೆ ಬರುವುದಿಲ್ಲ, ಬಟ್ಟೆ ಅಂಗಡಿಗೆ ಬರುವುದಿಲ್ಲ, ಮಕ್ಕಳ ಶಾಲೆಗೆ ಬರುವುದಿಲ್ಲ. ಕೆಲಸಗಾರನ ಮನೆ ಬರಿದಾದರೆ ವ್ಯಾಪಾರಿಯ ಉದ್ರಿ ಪುಸ್ತಕ ತುಂಬುತ್ತದೆ. ನಷ್ಟ ಇಬ್ಬರಿಗೂ ಸೇರಿದ್ದು. ಆದ್ದರಿಂದ ತೀರ್ಮಾನವೂ ಇಬ್ಬರಿಗೂ ಸೇರಿರಬೇಕು.

ಪಾಲಿಕೆಯ ಚುನಾವಣೆಗೆ ಅಭ್ಯರ್ಥಿಗಳು ಕೈಮುಗಿದು ಬಾಗಿಲಿಗೆ ಬಂದಾಗ ರಸ್ತೆ, ನೀರು, ದೀಪಗಳ ಜತೆಗೆ ಇದನ್ನೂ ಕೇಳಿ: ನಮ್ಮ ಬೀದಿಯಲ್ಲಿ ಅಮಲಿನ ಅಂಗಡಿಗೆ ಅಪ್ಪಣೆ ಕೊಡುವವರು ನಾವೋ, ಅಬಕಾರಿ ಕಚೇರಿಯೋ? ನೀವು ಎಂದು ಹೇಳುವವನು ಅದನ್ನು ಬರೆದು ರುಜು ಹಾಕಿಕೊಡಲಿ. ನಮ್ಮ ಊರುಗಳ ನಗರಸಭೆ, ಪುರಸಭೆಗಳಿಗೆ ನಿಲ್ಲುವವರನ್ನೂ ಇದೇ ಪ್ರಶ್ನೆ ಕೇಳತಕ್ಕದ್ದು. ರುಜು ಹಾಕಲು ಹಿಂಜರಿಯುವವನಿಗೆ ಮತ ಕೊಡಲು ನಾವೂ ಹಿಂಜರಿಯೋಣ.